ಬಸ್ಸು ಬಂದಾಗ ಮಗ್ಗುಲು

ನನ್ನ ಹೆಂಡತಿಯ ಮಂಚದ ಕಂಬಿಗೆ ದಾರ ಕಟ್ಟಿ ಒಂದು ಹಾಳೆ ತೂಗುಹಾಕಿದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಬದಲಿಸಿದ ಮೇಲೆ ಆಯಾ ಚೌಕದಲ್ಲಿ ಗುರುತು ಹಾಕಬೇಕು ಎಂದು ನರ್ಸ್ ಅಪ್ಪಣೆ ಮಾಡಿ ಹೋಗಿದ್ದಾಳೆ. ಈ ದಿನ ಮಧ್ಯಾಹ್ನ ಎರಡು ಗಂಟೆಯ ಚೌಕ ತುಂಬಿದೆ. ಪೆನ್ನು ಹೇಗೂ ಕೈಯಲ್ಲಿದೆಯಲ್ಲ ಎಂದು ಅದನ್ನು ನಾಲ್ಕು ಗಂಟೆಯ ಚೌಕದ ಮೇಲೂ ಒಯ್ದೆ. ಅಲ್ಲಿಗೆ ಕೈ ನಿಂತಿತು. ಈ ಚೌಕಗಳ ಪರಿಚಯ ನನಗೆ ಹಳೆಯದು, ಓದುಗರೇ. ಅಷ್ಟೇನೂ ಗೌರವದ ಪರಿಚಯವಲ್ಲ.

ಒಂದು ಕಡೆ ಕೂರುವುದು ನನ್ನ ಜಾತಕದಲ್ಲಿಲ್ಲ. ಹಸೆಮಣೆಯ ಮೇಲೆಯೇ ಪುರೋಹಿತರಿಂದ ಎರಡು ಬಾರಿ ಬೈಸಿಕೊಂಡವನು ನಾನು. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಕಡತದ ಮುಂದೆ ಹತ್ತು ನಿಮಿಷ ಕೂತರೆ ಹನ್ನೊಂದನೆಯ ನಿಮಿಷಕ್ಕೆ ಟೀ ಅಂಗಡಿಯಲ್ಲಿರುತ್ತಿದ್ದೆ. ಸಾಹೇಬರು ಬಹಳ ಯೋಚಿಸಿ ನನಗೆ ತಕ್ಕ ಕೆಲಸ ಹುಡುಕಿದರು. ಬೆಂಗಳೂರಿನ ಒಬ್ಬ ಡಾಕ್ಟರಮ್ಮ ಬೆನ್ನುಹುರಿಗೆ ಪೆಟ್ಟಾದವರ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರು ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೈ ಒತ್ತಿ ಹುಣ್ಣಾಗುತ್ತದೆ. ಪೆಟ್ಟಿನಿಂದ ಬದುಕಿದವರನ್ನು ಎಷ್ಟೋ ಸಲ ಈ ಹುಣ್ಣು ಕೊಲ್ಲುತ್ತದೆ. ಮನೆಯವರೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅದನ್ನು ತಡೆಯಬಲ್ಲರೇ, ಇಲ್ಲ ರೋಗಿ ಆಸ್ಪತ್ರೆಯಲ್ಲೇ ಇರಬೇಕೇ ಎಂಬುದು ಅವರ ಪ್ರಶ್ನೆ. ಊರೂರಿಗೆ ಹೋಗಿ ವಿವರ ಬರೆದು ಕಳಿಸುವವನೊಬ್ಬ ಬೇಕಾಗಿತ್ತು. ಹೀಗೆ, ಅಲ್ಲಾಡದೆ ಇರಲಾರದವನನ್ನು ಅಲ್ಲಾಡಲಾರದವರ ಮೇಲೆ ನೇಮಿಸಲಾಯಿತು.

ನಮ್ಮ ಕಡೆ ಬೆನ್ನು ಮುರಿಯುವುದು ಹೆಚ್ಚಾಗಿ ಮಾವಿನ ಮರದಿಂದ. ಶ್ರೀನಿವಾಸಪುರದವರು ಹಣ್ಣಿನ ಸುದ್ದಿ ಹೇಳುತ್ತಾರೆ, ಕೊಂಬೆಯ ಸುದ್ದಿ ಹೇಳುವುದಿಲ್ಲ. ಬೈರಕೂರಿನ ಹತ್ತಿರದ ಮುನಿವೆಂಕಟಪ್ಪ ಕಾಯಿ ಕೀಳಲು ಹತ್ತಿ ಬಿದ್ದವನು. ನಾಲ್ಕು ತಿಂಗಳು ವಾರ್ಡಿನಲ್ಲಿದ್ದು ಮನೆಗೆ ಬಂದಿದ್ದ. ಪ್ರತಿ ಸೋಮವಾರ ನಾನು ಹೊಸ್ತಿಲು ದಾಟುವಷ್ಟರಲ್ಲಿ ಹೆಂಡತಿ ನಾರಾಯಣಮ್ಮನನ್ನು ಕೂಗುತ್ತಿದ್ದ: "ಏಮೇ, ಸಾರ್ ಬಂದ್ರು, ಚಾಪೆ ಹಾಕು. ಹಾಕಿದ್ರೂ ಕೂರಲ್ಲ, ಆದ್ರೂ ಹಾಕು." ನಾನು ನಡುಮನೆಯಲ್ಲಿ ಶತಪಥ ತಿರುಗುವುದನ್ನು ನೋಡಿ, "ಆ ಕಾಲು ನನಗೆ ಕೊಟ್ಟು ನೀವು ಇಲ್ಲಿ ಮಲಗಿ ಸಾರ್, ಇಬ್ರಿಗೂ ನೆಮ್ಮದಿ," ಎನ್ನುತ್ತಿದ್ದ.

ದಿನಕ್ಕೆ ಹನ್ನೆರಡು ಚೌಕ, ವಾರಕ್ಕೆ ಎಂಬತ್ತನಾಲ್ಕು. ನಾರಾಯಣಮ್ಮನಿಗೆ ಓದು ಬರಹ ಬಾರದಾದ್ದರಿಂದ ತುಂಬುವವನು ನಾನೇ. "ಎರಡು ಗಂಟೆಗೊಂದು ಸಲ ತಿರುಗಿಸ್ತಿದ್ದೀಯೇನಮ್ಮ?" "ಹೂಂ ಸಾರ್, ತಿರುಗಿಸ್ತಾನೇ ಇದೀನಿ." ಬೆನ್ನು ನೋಡಿದರೆ ನಿಜವಾಗಿಯೂ ಶುದ್ಧವಾಗಿತ್ತು. ಎರಡು ತಿಂಗಳು ಅದೇ ಪ್ರಶ್ನೆ, ಅದೇ ಉತ್ತರ. ಬದಲಾಗದ ಉತ್ತರಕ್ಕೆ ಕಾಯುವುದು ಸರ್ಕಾರಿ ಸಮಯದ ಅಪವ್ಯಯವೆಂದು ನನಗೆ ಜ್ಞಾನೋದಯವಾಯಿತು. ಮುಳಬಾಗಿಲಿನ ಟೀ ಅಂಗಡಿಯಲ್ಲಿ ನಿಂತೇ ಬರುವ ವಾರದ ಹಾಳೆಯನ್ನೂ ತುಂಬಿ ಅಂಚೆಗೆ ಹಾಕತೊಡಗಿದೆ. ನೈಜವಾಗಿ ಕಾಣಲೆಂದು ಕೆಲವು ಗುರುತುಗಳನ್ನು ಸೊಟ್ಟಗೆ ಹಾಕುತ್ತಿದ್ದೆ. ಅಷ್ಟರ ಮಟ್ಟಿಗೆ ಶ್ರದ್ಧೆ.

ಆ ವರ್ಷ ಮಳೆ ಹೆಚ್ಚಾಗಿ, ಕೆರೆ ಕೋಡಿ ಹರಿದು ದಾರಿಯ ಮೋರಿ ಕೊಚ್ಚಿಹೋಯಿತು. ಬಸ್ಸು ನಿಂತಿತು. ಸೋಮವಾರ ನಾನು ಕೆಸರಿನಲ್ಲಿ ಗೊಣಗುತ್ತಾ ನಡೆದುಹೋಗಿ ನೋಡಿದರೆ, ಮುನಿವೆಂಕಟಪ್ಪನ ಬೆನ್ನಿನ ಬುಡದಲ್ಲಿ ನಾಲ್ಕಾಣೆಯಗಲ ಕಪ್ಪು. ಅವನಿಗೆ ಅದು ಗೊತ್ತೇ ಇಲ್ಲ. ನನ್ನ ಮುಖ ನೋಡಿ ತಿಳಿದುಕೊಂಡ.

ತಂತಿ ಕೊಟ್ಟೆ. ಗುರುವಾರ ಡಾಕ್ಟರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಮುರಿದ ಮೋರಿ ದಾಟಿ ಬಂದರು. ಹುಣ್ಣು ತೊಳೆದು, ಚೀಲದಿಂದ ನನ್ನ ಹಾಳೆಗಳನ್ನು ತೆಗೆದರು.

"ಹೋದ ವಾರ ಎಂಬತ್ತನಾಲ್ಕಕ್ಕೆ ಎಂಬತ್ತನಾಲ್ಕು ಸಲ ತಿರುಗಿಸಿದ್ದಾರೆ. ಆದರೂ ಹುಣ್ಣಾಗಿದೆ. ಅಂದರೆ ಇವರ ಮೈಗೆ ಮನೆಯ ಆರೈಕೆ ಸಾಲದು. ನಾಳೆ ವಾರ್ಡಿಗೆ ಸೇರಿಸೋಣ."

ಮುನಿವೆಂಕಟಪ್ಪ ಗೋಡೆಯ ಕಡೆ ಮುಖ ಮಾಡಿದ. "ಅಲ್ಲಿ ನನ್ನ ಪಕ್ಕದ ಮಂಚ ಮೂರು ಸಲ ಖಾಲಿ ಆಯ್ತು ಡಾಕ್ಟರಮ್ಮ. ನಾಲ್ಕನೇದು ನಂದು."

ಆ ಹಾಳೆಯಲ್ಲಿ ಏನಿದೆಯೋ ನಾರಾಯಣಮ್ಮನಿಗೆ ತಿಳಿಯದು. ತನ್ನದೇ ತಪ್ಪು ಬರೆದಿರಬೇಕೆಂದು ಸೆರಗು ಹಿಂಡುತ್ತಿದ್ದಳು. ನಾನು ಬಾಗಿಲಿಗೂ ಒಲೆಗೂ ನಡುವೆ ಆರು ಸಲ ಓಡಾಡಿದೆ. ಏಳನೆಯ ಸಲ ಬಾಗಿಲಿನಿಂದ ಆಚೆ ಹೋಗಿಬಿಡಬಹುದಿತ್ತು.

"ಮೇಡಂ, ಆ ಗುರುತೆಲ್ಲ ನಂದು. ಮುಂಚೆನೇ ಹಾಕಿಬಿಟ್ಟಿದ್ದೆ," ಎಂದೆ.

ಅವರು ನನ್ನನ್ನು ಬೈಯಲಿಲ್ಲ. ನಾರಾಯಣಮ್ಮನ ಕಡೆ ತಿರುಗಿ, ಮೂರು ತಿಂಗಳಲ್ಲಿ ನನಗೆ ತೋಚದಿದ್ದ ಪ್ರಶ್ನೆ ಕೇಳಿದರು: "ಮನೇಲಿ ಗಡಿಯಾರ ಇಲ್ಲವಲ್ಲಮ್ಮ. ಎರಡು ಗಂಟೆ ಆಯ್ತು ಅಂತ ಹೇಗೆ ಗೊತ್ತಾಗ್ತಿತ್ತು?"

"ಬಸ್ಸು ಬಂದಾಗ. ಎರಡು ಗಂಟೆಗೊಂದು ಬರ್ತಿತ್ತಲ್ಲ. ಹಿಪ್ಪುನೇರಳೆ ತೋಟದಲ್ಲಿದ್ರೂ ಹಾರನ್ ಕೇಳುತ್ತೆ, ಓಡ್ಬಂದು ತಿರುಗಿಸ್ತಿದ್ದೆ. ಈಗ ಬಸ್ಸೇ ಇಲ್ವಲ್ಲ. ಮೋಡ ಬೇರೆ, ಹೊತ್ತೇ ತಿಳೀಲಿಲ್ಲ."

"ರಾತ್ರಿ ಬಸ್ಸಿಲ್ಲವಲ್ಲ?"

"ರಾತ್ರಿ ನನ್ನ ಮಗ್ಗುಲು ನೋವಾದಾಗ ಎಚ್ಚರ ಆಗುತ್ತೆ. ಇವ್ರಿಗೂ ನೋಯ್ತಿರುತ್ತೆ, ಹೇಳೋಕಾಗಲ್ಲ ಅಷ್ಟೇ ಅಂತ ತಿರುಗಿಸ್ತೀನಿ."

ಡಾಕ್ಟರಮ್ಮ ಅದನ್ನು ತಮ್ಮ ಸ್ವಂತ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನನಗೆ ಒಂದು ಮಣೆ ತೋರಿಸಿದರು. "ಕೂತ್ಕೊಳ್ಳಿ. ಒರಗಬೇಡಿ, ಅಲ್ಲಾಡಬೇಡಿ. ಎರಡು ಗಂಟೆ."

ಕೂತೆ. ಮೊದಲು ತೊಡೆ ಜುಮ್ಮೆಂದಿತು, ಆಮೇಲೆ ಮೂಳೆಯೇ ಮಣೆಯನ್ನು ಕೊರೆಯುತ್ತಿರುವ ಹಾಗಾಯಿತು. ಎಷ್ಟೇ ಹಲ್ಲು ಕಚ್ಚಿದರೂ ಮೈ ನನ್ನನ್ನು ಕೇಳದೆ ಪಕ್ಕಕ್ಕೆ ವಾಲಿತು.

"ಏಳು ನಿಮಿಷ," ಎಂದರು ಕೈಗಡಿಯಾರ ನೋಡಿ.

"ಸಾರ್ ಫೇಲ್," ಎಂದು ಮುನಿವೆಂಕಟಪ್ಪ ಗೋಡೆಯ ಕಡೆಯಿಂದಲೇ ನಕ್ಕ. "ನಂದು ಏಳು ತಿಂಗಳು."

"ಏಳು ನಿಮಿಷಕ್ಕೆ ನಿಮಗೆ ಸುದ್ದಿ ಬಂತು," ಎಂದರು ಡಾಕ್ಟರಮ್ಮ. "ನಿಮ್ಮ ಚಡಪಡಿಕೆಯೇ ನಿಮ್ಮ ಚರ್ಮ ಕಾಯ್ತಾ ಇದೆ. ಅವರಿಗೆ ಆ ಸುದ್ದಿ ಬರೋ ತಂತಿ ಕಡಿದುಹೋಗಿದೆ. ಅದನ್ನ ಈಯಮ್ಮ ತಂದುಕೊಡ್ತಿದ್ರು. ನೀವು ಬರೀ ಗುರುತು ಹಾಕ್ತಿದ್ರಿ."

ವಾರ್ಡಿನ ಮಾತು ಬಿಟ್ಟರು. ನನ್ನ ಹಾಳೆಗಳನ್ನು ಸಂಶೋಧನೆಯಿಂದ ಕಿತ್ತುಹಾಕಿದರು. ಹುಣ್ಣು ಮಾಯುವತನಕ ದಿನ ಬಿಟ್ಟು ದಿನ ಹೋಗಿ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕೆಂದು ಅಪ್ಪಣೆಯಾಯಿತು. ಬೆನ್ನಿಗೆ ಭಾರ ಬೀಳದಂತೆ ಮುನಿವೆಂಕಟಪ್ಪನನ್ನು ಜಗಲಿಯ ಮೇಲೆ ಬೋರಲು ಮಲಗಿಸಿದೆವು. ಬೋರಲಾದ ಮೇಲೆ ಕೈಗೆ ಕೆಲಸ ಸಿಕ್ಕಿತು. ಹೆಂಡತಿ ಸಾಕಿದ್ದ ರೇಷ್ಮೆಹುಳಕ್ಕೆ ಸೊಪ್ಪು ಕತ್ತರಿಸುತ್ತಾ, ದಾರಿಯಲ್ಲಿ ಹೋಗುವವರಿಗೆಲ್ಲ ನನ್ನ ಏಳು ನಿಮಿಷದ ಕಥೆ ಹೇಳುತ್ತಿದ್ದ. ಮೂರು ತಿಂಗಳಲ್ಲಿ ಹುಣ್ಣು ಮುಚ್ಚಿತು. ಅಷ್ಟು ಹೊತ್ತಿಗೆ ಮೋರಿ ಕಟ್ಟಿ ಬಸ್ಸೂ ಬಂತು.

ಕೆಲವು ವರ್ಷಗಳಾದ ಮೇಲೆ, ಇಂಥವರನ್ನು ಕಾಡುವ ಇನ್ನೊಂದು ತೊಂದರೆ, ಮೂತ್ರದ ಸೋಂಕು ಒಳಗೇರಿ, ಅವನು ಹೋದ. ಮಾತಾಡಿಸಲು ಹೋದಾಗ ನಾರಾಯಣಮ್ಮ, "ಬೆನ್ನು ಮಾತ್ರ ಕನ್ನಡಿ ಥರ ಇತ್ತು ಸಾರ್," ಎಂದಳು.

ನಾಲ್ಕು ಗಂಟೆಯ ಚೌಕವನ್ನು ಹಾಗೇ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಗೆ ಹೋದೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಈಗಿನ ದಾರಿಯಲ್ಲಿ ಹಾರನ್ನಿಗೆ ಬಿಡುವೇ ಇಲ್ಲ, ಅದರಿಂದ ಹೊತ್ತು ತಿಳಿಯುವಂತಿಲ್ಲ.

"ಒಂದು ಕಡೆ ಕೂತ್ಕೊಳ್ಳೋಕೆ ಆಗಲ್ವೇನ್ರೀ ನಿಮಗೆ?" ಎಂದಳು ಹೆಂಡತಿ ಕಣ್ಣು ಮುಚ್ಚಿಕೊಂಡೇ.

"ಆಗಲ್ಲ ಕಣೇ. ನಿನಗೆ ಎಲ್ಲಿ ಒತ್ತುತ್ತಿದೆ ಹೇಳು."

ಅವಳು ಕಣ್ಣು ಬಿಟ್ಟಳು. ಈ ಪ್ರಶ್ನೆಯನ್ನು ನಾನು ಇದುವರೆಗೆ ಕೇಳಿರಲಿಲ್ಲವೆಂದು ಆ ನೋಟದಿಂದ ತಿಳಿಯಿತು. "ಎಡಗಡೆ ಹಿಮ್ಮಡಿ. ಆಗಿಂದ," ಎಂದಳು.

ಮೆಲ್ಲಗೆ ತಿರುಗಿಸಿ, ಹಿಮ್ಮಡಿಯ ಕೆಳಗೆ ದಿಂಬು ಕೊಟ್ಟೆ. ಗಡಿಯಾರ ನೋಡಿದರೆ ಮೂರೂ ಕಾಲು. ಹಾಳೆಯಲ್ಲಿ ಆ ಹೊತ್ತಿಗೆ ಚೌಕವೇ ಇರಲಿಲ್ಲ. ಅಂಚಿನಲ್ಲಿ ಬರೆದೆ.