ಹಸಿರು ಕಾಯಿ ಕಾಣದ ವರ್ಷ

ಆ ವರ್ಷ ಅರೇಬಿಕಾ ಕಾಫಿ ಕೊಯ್ಲಿನಲ್ಲಿ ನಾನು ಯಾರನ್ನೂ ಬೈಯಲಿಲ್ಲ. ಸಂಜೆ ತೂಕದ ಹೊತ್ತಿಗೆ ಚೀಲಕ್ಕೆ ಕೈ ಹಾಕಿ, ಕೆಂಪು ಹಣ್ಣಿನ ಮಧ್ಯೆ ಅಡಗಿದ ಹಸಿರು ಕಾಯಿ ಹೆಕ್ಕಿ, "ಇದೇನು, ಉಪ್ಪಿನಕಾಯಿಗಾ?" ಅಂತ ಕೇಳುವುದು ಮಲ್ಲಂದೂರಿನ ನಮ್ಮ ಎಸ್ಟೇಟಿನಲ್ಲಿ ನಲವತ್ತು ವರ್ಷದಿಂದ ನನ್ನ ಡ್ಯೂಟಿ. ಆ ವರ್ಷ ಮಾತ್ರ ಎಲ್ಲರ ಚೀಲಕ್ಕೂ "ಗುಡ್, ಗುಡ್". ಅಮ್ಮಾವ್ರು ದೇವರಾಗಿಬಿಟ್ಟರು ಅಂದರು ಆಳುಗಳು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಹೊಡೆದರೂ ಬರದ ಚಾರಿಟಿ ಈಗ ಬಂತು ಅಂದರು ನನ್ನ ಗಂಡ.

ನಿಜವೇನೆಂದರೆ, ನನಗೆ ಕಾಯಿ ಕಾಣುತ್ತಿರಲಿಲ್ಲ. ಬಲಗಣ್ಣಿನ ನಟ್ಟನಡುವೆ ಒಂದು ಮಸಿಮಚ್ಚೆ. ಯಾವುದನ್ನು ನೋಡಬೇಕೋ ಅದರ ಮೇಲೇ ಬಂದು ಕೂರುತ್ತಿತ್ತು. ಎಡಗಣ್ಣು ಹುಟ್ಟಾ ಲೇಜಿ, ಬರೀ ಶೋಗೆ. ಇದ್ದದ್ದು ಒಂದೇ ಕಣ್ಣು, ಆದರೂ ಬಾಯಿ ಬಿಡಲಿಲ್ಲ. ಹಿಂದೊಮ್ಮೆ ಗಂಡನ ತೋಳಿಗೆ ಹಳದಿ ಬಣ್ಣ ಚುಚ್ಚಿ ಕಣ್ಣಿನ ರಕ್ತನಾಳದ ಫೋಟೋ ತೆಗೆದಿದ್ದರು. ವಾಂತಿ ಮಾಡಿಕೊಂಡ ಆ ಕಥೆಯನ್ನು ಅವರು ಕ್ಲಬ್ಬಿನಲ್ಲಿ ಯುದ್ಧ ಗೆದ್ದು ಬಂದವರ ಹಾಗೆ ಹೇಳುತ್ತಿದ್ದರು. ನನಗೋ ಸೂಜಿ ಅಂದರೆ ಪ್ರಾಣ ಹೋಗುತ್ತೆ.

ಒಂದು ಬೆಳಿಗ್ಗೆ ಕಾಫಿಯನ್ನು ಲೋಟ ಬಿಟ್ಟು ಗಂಡನ ಪ್ಯಾಂಟಿಗೆ ಬಗ್ಗಿಸಿದೆ. "ಇದೂ ಚಾರಿಟಿಯೇನೇ ಮಾರಾಯ್ತಿ?" ಅಂತ ಕಿರುಚಿ, ಚಿಕ್ಕಮಗಳೂರಿನ ಕಣ್ಣಾಸ್ಪತ್ರೆಗೆ ಎಳೆದೊಯ್ದರು.

"ಸೂಜಿ ಇಲ್ಲ ಆಂಟಿ, ಬಣ್ಣಾನೂ ಇಲ್ಲ," ಅಂದಳು ಮಷೀನಿನ ಹುಡುಗಿ. "ಗಲ್ಲ ಇಟ್ಟು ಒಳಗಿನ ಹಸಿರು ಕ್ರಾಸ್ ನೋಡ್ತಿರಿ. ರಕ್ತ ಓಡೋದನ್ನ ಬೆಳಕೇ ಹಿಡಿಯುತ್ತೆ."

"ಅಷ್ಟೇನಾ?" ಅಂದರು ಗಂಡ. ಮೆಡಲು ಕಳೆದುಕೊಂಡವರ ಮುಖ.

"ಕ್ರಾಸ್ ಕಾಣುತ್ತಾ ಆಂಟಿ?"

ಕಾಣಲಿಲ್ಲ. "ಯೆಸ್" ಅಂದೆ, ಕಾನ್ವೆಂಟಿನಲ್ಲಿ ಗಣಿತ ಅರ್ಥವಾಗದಾಗ ಅನ್ನುತ್ತಿದ್ದ ಹಾಗೆ. ಕಣ್ಣು ಓರೆ ಮಾಡಿ ಮಚ್ಚೆಯ ಅಂಚಿನಿಂದ ಹುಡುಕಿದೆ.

"ಸುಳ್ಳು ಹೇಳ್ಬೇಡಿ. ನೀವು ಎಲ್ಲಿ ನೋಡ್ತಿದೀರ ಅಂತ ಇಲ್ಲಿ ಗೊತ್ತಾಗುತ್ತೆ."

ಹತ್ತು ವರ್ಷ ಯಾವ ಸಿಸ್ಟರೂ ಹಿಡಿಯದ ಸುಳ್ಳನ್ನು ಆ ಡಬ್ಬ ಹತ್ತು ಸೆಕೆಂಡಿನಲ್ಲಿ ಹಿಡಿಯಿತು.

ಡಾಕ್ಟರು ಪರದೆಯ ಮೇಲೆ ಒಂದು ಸಿಕ್ಕುಸಿಕ್ಕು ಗೊಂಚಲು ತೋರಿಸಿದರು. ಇರಬಾರದ ಜಾಗದಲ್ಲಿ ಹುಟ್ಟಿದ ಹೊಸ ನಾಳಗಳು, ಸೋರುತ್ತಿವೆ ಅಂದರು. ಇದು ನಮ್ಮ ಕಂಬಚಿಗುರೇ! ಕಾಫಿಗಿಡದ ಕಾಂಡದಲ್ಲಿ ಎದ್ದು ಸತ್ವ ಹೀರುತ್ತೆ. ಮಳೆ ಮುಗಿದ ಮೇಲೆ ಆಳು ಹಾಕಿ ಕೀಳಿಸುತ್ತೇವೆ.

"ಕೀಳ್ತೀರಾ?"

"ಇಲ್ಲ, ಬತ್ತಿಸ್ತೀವಿ. ತಿಂಗಳಿಗೊಂದು ಇಂಜೆಕ್ಷನ್. ತಡ ಮಾಡಿದ್ದೀರಿ, ಈಗಲಾದರೂ ಶುರು ಮಾಡಿದರೆ ಉಳಿದ ನೋಟ ಉಳಿಯಬಹುದು."

"ತೋಳಿಗಾ?"

"ಕಣ್ಣಿಗೆ."

ಫೋಟೋಗೆ ಸೂಜಿ ಬೇಡವಂತೆ! ಎಂಥಾ ನಯವಂಚಕ ಮಷೀನು. ಗಂಡನ ಮುಖ ಮಾತ್ರ ಅರಳಿತು. ಈ ಕಥೆ ಅವರದ್ದಕ್ಕಿಂತ ದೊಡ್ಡದು. ಇನ್ನು ತೋಟ ಹೂವಾದಾಗ ಬರೀ ವಾಸನೆಗೇ ತೃಪ್ತಿಪಡಬೇಕಾ ಅನ್ನಿಸಿತು ನನಗೆ. ಚುಚ್ಚಿ ಅಂದೆ.

ಮೂರು ಸಲ ಚುಚ್ಚಿದರು. ಅರೇಬಿಕಾ ಮುಗಿದು, ರೊಬಸ್ಟಾ ಕೊಯ್ಲಿನ ಕೊನೆಯ ವಾರ, ನಮ್ಮ ಹಳೆಯ ಆಳೊಬ್ಬಳ ಚೀಲಕ್ಕೆ ಕೈ ಹಾಕಿದೆ. ಮಚ್ಚೆ ಹೋಗಿರಲಿಲ್ಲ, ತೆಳುವಾಗಿತ್ತು. ಅದರಾಚೆ ಒಂದು ಹಸಿರು ಕಾಯಿ. ಮತ್ತೊಂದು. ಅಯ್ಯೋ, ಅರ್ಧ ಚೀಲ! ಒಂದನ್ನು ಎತ್ತಿ ಹಿಡಿದೆ.

ಅವಳು ಕಾಯಿ ನೋಡಿದಳು, ನನ್ನ ಮುಖ ನೋಡಿದಳು.

"ಕಣ್ಣು ಬಂತಾ ಅಮ್ಮಾ?" ಅಂದಳು, ಬೇಡದ ನೆಂಟರನ್ನು ಒಳಗೆ ಕರೆಯುವವಳ ಹಾಗೆ.