ಸಿಮೆಂಟ್ ಚೀಲದ ಮೇಲಿನ ಶಾಲೆ

ಸಾಧನೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಬೇವಿನ ಗಿಡದ ಕೆಳಗೆ ಕೂತು ಪಾಠ ಹೇಳುತ್ತಿದ್ದ ದಿನಗಳಲ್ಲೇ, ನನ್ನ ಶಾಲೆಗೆ ಸ್ವಂತ ಕಟ್ಟಡವಿದೆ ಎಂದು ಜಿಲ್ಲೆಯ ಸಾಧನೆಗಳ ಪೈಕಿ ಓದಿದ್ದನ್ನು ನಾನು ಕೇಳಿದ್ದೇನೆ. ಅದಕ್ಕೆ ಬಿದ್ದ ಚಪ್ಪಾಳೆಯನ್ನೂ ಕೇಳಿದ್ದೇನೆ.

ಊರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ತುಸು ಒಳಗಿತ್ತು. ಕಾಲುವೆಗೆ ನೀರು ಬಿಟ್ಟು ಬಹಳ ವರ್ಷಗಳಾಗಿರಲಿಲ್ಲ. ಊರಿನ ತಗ್ಗಿನ ಹೊಲಗಳಿಗೆ ನೀರು ಹತ್ತಿ ನೆಲ್ಲು ಬಂದಿತ್ತು, ದಿಬ್ಬದ ಹೊಲಗಳಲ್ಲಿ ಇನ್ನೂ ಜೋಳವೇ. ನೆಲ್ಲಿನ ಜೊತೆ ನಾಟಿಯೂ ಬಂತು. ನಾಟಿಗೆ ಬಗ್ಗುವ ಬೆನ್ನು ಬೇಕು, ಬಗ್ಗುವ ಬೆನ್ನೆಂದರೆ ಹೆಣ್ಣುಮಕ್ಕಳದು ಎಂದು ಅಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಅಂಥ ಕಾಲದಲ್ಲಿ ನಾನು ಲಿಂಗಸುಗೂರಿನಿಂದ ಅಲ್ಲಿಯ ಕನ್ಯಾಶಾಲೆಗೆ ಅಕ್ಕೋರಾಗಿ ಹೋದೆ. ಟ್ರೇನಿಂಗ್ ಮುಗಿಸಿದ ಹೊಸತು, ಬಾಯಿ ಸ್ವಲ್ಪ ಜೋರು. ಬಾಯಿ ಜೋರಿದ್ದವಳಿಗೆ ಊರು ಯಾವುದಾದರೇನು, ಜಗಳಕ್ಕೇನೂ ಕೊರತೆಯಾಗುವುದಿಲ್ಲ.

ಶಾಲೆಗೆ ಒಂದು ಕೋಣೆ ಇದ್ದದ್ದು ಸುಳ್ಳಲ್ಲ. ಕರಿಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಆದರೆ ಅದರ ಬಾಗಿಲಿಗೆ ಬೀಗವಿತ್ತು. ಹೊಲಗಾಲುವೆ ಕಟ್ಟುವ ಗುತ್ತೇದಾರ, ಊರ ಗೌಡರ ಅಳಿಯ, ತನ್ನ ಸಿಮೆಂಟ್ ಚೀಲಗಳನ್ನು ತಂದು ಅಲ್ಲಿ ಒಟ್ಟಿದ್ದ. ಎಂಟು ದಿನದ ಮಟ್ಟಿಗೆ ಎಂದು ಹೇಳಿದ್ದನಂತೆ. ನಾನು ಬರುವ ಹೊತ್ತಿಗೆ ಆ ಎಂಟು ದಿನ ಒಂದು ಬೇಸಿಗೆ ದಾಟಿತ್ತು. ಗೌಡರೇ ಶಾಲಾ ಸಮಿತಿಯ ಅಧ್ಯಕ್ಷರು. ಹೀಗಾಗಿ ತಕರಾರು ಹೇಳಬೇಕಾದದ್ದು ಮಾವನ ಮುಂದೆ, ಅಳಿಯನ ಮೇಲೆ.

ಗಿಡದ ಕೆಳಗಿನ ಶಾಲೆಗೆ ಗಾಳಿ ಬಂದರೆ ರಜೆ, ಹನಿ ಬಿದ್ದರೆ ರಜೆ. ಹುಡುಗಿಯರು ಒಬ್ಬೊಬ್ಬರಾಗಿ ಕಡಿಮೆಯಾಗತೊಡಗಿದರು. ನಾನು ಮನೆಮನೆಗೆ ಹೋದರೆ ತಾಯಂದಿರು ಕಸ ಹೊಡೆಯುತ್ತಲೇ ಮಾತಾಡುತ್ತಿದ್ದರು. "ಗಿಡದ ಬುಡಕ ಕುಂತು ಏನ್ ಕಲೀತಾರ್ರಿ ಅಕ್ಕೋರ? ನಾಟಿಗೆ ಬಂದ್ರ ಕೈಗೆ ಕೂಲಿಯಾರ ಬರ್ತೈತಿ" ಎಂದಳು ಒಬ್ಬಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಆ ಬೀಗದ ಮೇಲಿತ್ತು.

ಮಳೆ ಜೋರು ಹಿಡಿಯುವ ಮುಂಚೆ ಚಾವಡಿಯಲ್ಲಿ ಸಮಿತಿಯ ಸಭೆ ಸೇರಿತು. ಆ ಚಾವಡಿಯ ಕಟ್ಟೆಯನ್ನು ಹೆಂಗಸರು ಹತ್ತುವ ರೂಢಿ ಇರಲಿಲ್ಲ. ಎದುರಿಗೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗಬೇಕು. ನನಗೆ ಕುರ್ಚಿ ಹಾಕುವುದು ಯಾರಿಗೂ ಹೊಳೆಯಲಿಲ್ಲ. ಕಟ್ಟೆಯ ಕೆಳಗೆ, ಬಿಸಿಲಲ್ಲಿ, ಕೊಡೆ ಹಿಡಿದು ನಿಂತೆ. ಚಪ್ಪಲಿ ಮಾತ್ರ ಬಿಡಲಿಲ್ಲ.

ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಮೆತ್ತಗಿನ ಮನುಷ್ಯ, ಯಾರನ್ನೂ ನೋಯಿಸದೆ ಪಿಂಚಣಿ ಮುಟ್ಟಬೇಕೆಂದು ಆಸೆಪಟ್ಟವರು. ಅವರು ಎದ್ದು ನಿಂತು ಜಿಲ್ಲೆಯ ಇತ್ತೀಚಿನ ಸಾಧನೆಗಳನ್ನು ಓದಿದರು. ಹೊಸ ಶಾಲೆಗಳು, ಹೊಸ ಮಾಸ್ತರರು, ಹೊಸ ಬಾವಿಗಳು. ಕೊನೆಗೆ ದನಿ ಏರಿಸಿ, ಈ ಊರಿನ ಕನ್ಯಾಶಾಲೆ ಸ್ವಂತ ಕಟ್ಟಡದಲ್ಲಿ ಸುಸೂತ್ರವಾಗಿ ನಡೆಯುತ್ತಿದೆ ಎಂದರು. ಗೌಡರು ಮೀಸೆಯ ಮೇಲೆ ಕೈಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಾಹೇಬ್ರ, ಕಟ್ಟಡದಾಗ ಹುಡುಗ್ಯಾರಿಲ್ಲ. ಸಿಮೆಂಟ್ ಐತಿ" ಎಂದೆ.

ಚಪ್ಪಾಳೆ ಅರ್ಧಕ್ಕೇ ನಿಂತಿತು. ಗೌಡರು ನನ್ನ ಕಡೆ ನೋಡದೆ, ಕಟ್ಟೆಯ ಕಂಬಕ್ಕೆ ಹೇಳಿದಂತೆ ಹೇಳಿದರು. "ಅಕ್ಕೋರ, ಮೀಟಿಂಗಿನ್ಯಾಗ ಹೆಣ್ಮಕ್ಳು ಮಾತಾಡೂ ರೂಢಿ ನಮ್ಮೂರಾಗಿಲ್ಲ."

"ಹಂಗಾದ್ರ ಹೆಣ್ಮಕ್ಳ ಶಾಲಿ ಮಾತು ನೀವ್ಯಾಕ ಎತ್ತಿದ್ರಿ ಗೌಡ್ರ?"

ಇನ್‌ಸ್ಪೆಕ್ಟರ್ ಸಾಹೇಬರು ಕೈಯಲ್ಲಿದ್ದ ಕಾಗದವನ್ನು ಮಡಚುತ್ತ ನಡುವೆ ಬಂದರು. "ನೋಡಮ್ಮ, ವರದಿ ರಾಯಚೂರಿಗೆ ಹೋಗೇ ಬಿಟ್ಟದ. ಈಗ ಕಟ್ಟಡ ಇಲ್ಲ ಅಂದ್ರ ನನ್ನ ತಲಿಮ್ಯಾಲೆ ಬರ್ತದ. ದೀಪಾವಳಿ ಹೊತ್ತಿಗೆ ನಾ ಮತ್ತ ಬರ್ತೀನಿ. ಕೋಣಿಯೊಳಗ ಶಾಲಿ ನಡೀತಿರಬೇಕು, ಹುಡುಗ್ಯಾರು ತುಂಬಿರಬೇಕು. ಇಲ್ಲಾಂದ್ರ ಕನ್ಯಾಶಾಲಿ ಮುಚ್ಚಿ ಗಂಡುಹುಡುಗರ ಶಾಲಿಗೆ ಕೂಡಿಸೂದೊಂದೇ ದಾರಿ."

ಅದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡುಹುಡುಗರ ಶಾಲೆಗೆ ಆ ಊರಿನ ಒಬ್ಬ ಹುಡುಗಿಯನ್ನೂ ಕಳಿಸುತ್ತಿರಲಿಲ್ಲ. ಕನ್ಯಾಶಾಲೆ ಮುಚ್ಚಿದ ಮರುದಿನವೇ ಅಷ್ಟೂ ಮಂದಿ ಕೆಸರಿಗೆ ಇಳಿಯುತ್ತಿದ್ದರು. ಅಲ್ಲಿಗೆ ಅವರ ಓದು ಮುಗಿಯಿತು.

ಬೀಗ ತೆಗೆಸಲಾಗದಿದ್ದರೆ ಬೇಡ, ಕೋಣೆ ಉಳಿಯುವಂತೆ ಮಾಳಿಗೆಗಾದರೂ ಸವುಳು ಹಾಕಿಸಿ ಎಂದು ಗೌಡರನ್ನು ಕೇಳಿಕೊಂಡೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಇದ್ದವರೆಲ್ಲ ಮಳೆಗಾಲಕ್ಕೆ ಮುಂಚೆ ಹಳ್ಳದ ಕಡೆಯಿಂದ ಸವುಳು ಮಣ್ಣು ಹೊತ್ತು ತಂದು ಮೇಲೆ ಹರವುತ್ತಾರೆ. ಹಾಕಿದರೆ ಒಂದು ಹನಿ ಸೋರುವುದಿಲ್ಲ, ಬಿಟ್ಟರೆ ಇಡೀ ಮಾಳಿಗೆಯೇ ಸೋರುತ್ತದೆ. ಇದು ಊರಿನ ಕೂಸಿಗೂ ತಿಳಿದ ಮಾತು.

ಗೌಡರು ನಕ್ಕರು. "ಸರ್ಕಾರದ ಮಾಳಿಗಿಗೆ ಸವುಳು ಹಾಕಾಕ ನಾವ್ಯಾರ್ರಿ? ಸರ್ಕಾರ ಕಟ್ಟೈತಿ, ಸರ್ಕಾರ ಹಾಕ್ತೈತಿ."

ಸರ್ಕಾರದ ಕೋಣೆಯಲ್ಲಿ ಅಳಿಯನ ಚೀಲ ಇಡುವಾಗ ಈ ಭೇದ ಅವರಿಗೆ ಹೊಳೆದಿರಲಿಲ್ಲ. ಮುಂದಿನ ದಿನಗಳಲ್ಲಿ ಊರಿನ ಪ್ರತಿಯೊಂದು ಮಾಳಿಗೆಗೂ ಸವುಳು ಏರಿತು. ಗೌಡರ ಮನೆಗೆ, ಅವರ ದನದ ಕೊಟ್ಟಿಗೆಗೆ, ಚಾವಡಿಗೆ, ಗುಡಿಗೆ. ಶಾಲೆಯ ಮಾಳಿಗೆಯೊಂದೇ ಬರಿದಾಗಿ ಉಳಿಯಿತು.

ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ಹಗಲು ರಾತ್ರಿ ಎನ್ನದೆ ಸುರಿಯಿತು, ಊರಿಗೆ ಊರೇ ಒಳಗೆ ಕೂತಿತ್ತು. ಮಳೆ ಹೊಳವಾದ ದಿನ ಗುತ್ತೇದಾರ ಎರಡು ಬಂಡಿ ಕಟ್ಟಿಸಿಕೊಂಡು ಚೀಲ ಒಯ್ಯಲು ಬಂದ. ನಾನು ಗಿಡದ ಕೆಳಗಿನಿಂದ ನೋಡುತ್ತಿದ್ದೆ. ಬೀಗ ತೆಗೆದ, ಒಳಗೆ ಹೋದ, ಬಹಳ ಹೊತ್ತು ಹೊರಗೇ ಬರಲಿಲ್ಲ. ಆಮೇಲೆ ಒಂದು ಕೂಗು ಕೇಳಿಸಿತು. ಚೀಲಕ್ಕೆ ಒದ್ದು ಹೆಬ್ಬೆರಳು ಒಡೆದುಕೊಂಡಿದ್ದ.

ಮಾಳಿಗೆ ಸೋರಿ ಸೋರಿ ಅಷ್ಟೂ ಸಿಮೆಂಟು ಕಲ್ಲಾಗಿತ್ತು. ಒಂದು ಚೀಲಕ್ಕೆ ಇನ್ನೊಂದು ಕಚ್ಚಿಕೊಂಡು, ನೆಲಕ್ಕೂ ಹತ್ತಿಕೊಂಡು ಕೂತಿದ್ದವು. ಬಂಡಿಯವರು ಹಾರೆ ಹಾಕಿ ಮೀಟಿದರು, ಹಾರೆ ಬಾಗಿತು. ಇದನ್ನು ಒಡೆದು ಹೊರಗೆ ಹಾಕಲು ಕೂಲಿ ಯಾರು ಕೊಡುತ್ತಾರೆ ಎಂದು ಗುತ್ತೇದಾರ ಕೈಬಿಟ್ಟ. ಬೀಗವನ್ನೂ ಅಲ್ಲೇ ಬಿಸಾಕಿ, ಕುಂಟುತ್ತ ಖಾಲಿ ಬಂಡಿ ಹತ್ತಿ ಹೋದ. ನನಗೆ ಬಂದ ನಗೆಯನ್ನು ನಾನು ತಡೆಯಲಿಲ್ಲ.

ಗೌಡರು ಬಂದು ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದರು. "ಮುಗೀತು ಬಿಡ್ರಿ ಅಕ್ಕೋರ. ಕಲ್ಲು ತುಂಬಿದ ಕೋಣ್ಯಾಗ ಶಾಲಿ ಎಲ್ಲಿ ನಡಸ್ತೀರಿ? ನೀವು ಲಿಂಗಸುಗೂರಿನ ಬಸ್ ಹಿಡೀರಿ" ಎಂದರು. ಆ ಮಾತು ನನಗೆ ನಾಟಿತು. ಬಸ್ ಹಿಡಿಯುವುದಿದ್ದರೆ ಹಿಡಿಯುತ್ತಿದ್ದೆ, ಆದರೆ ಅವರು ಹಿಡಿ ಎಂದಮೇಲೆ ಹಿಡಿಯುವ ಹೆಣ್ಣು ನಾನಲ್ಲ.

ಅವರು ಹೋದಮೇಲೆ ಒಳಗೆ ಕಾಲಿಟ್ಟು ಸರಿಯಾಗಿ ನೋಡಿದೆ. ಚೀಲಗಳನ್ನು ಮುಂದಿನಿಂದ ತೆಗೆದು ಬಳಸಿದ್ದರು, ಹಿಂದಿನವು ಹಾಗೇ ಉಳಿದಿದ್ದವು. ಹೀಗಾಗಿ ಗೋಡೆಯ ಹತ್ತಿರ ಎತ್ತರ, ಬಾಗಿಲ ಕಡೆ ಬರುತ್ತ ಬರುತ್ತ ಗಿಡ್ಡ. ನಮ್ಮ ಬಾವಿಯ ಮೆಟ್ಟಿಲುಗಳ ಹಾಗೆಯೇ. ನಾನು ಮೇಲಿನ ಮೆಟ್ಟಿಲಿಗೆ ಹತ್ತಿ ಕೂತೆ. ಅಲುಗಲಿಲ್ಲ.

ಮರುದಿನ ಹುಡುಗಿಯರು ನೆನೆದ ಗೋಣಿತಟ್ಟನ್ನು ಕಿತ್ತು ಕಿತ್ತು ಹೊರಗೆ ಹಾಕಿದರು. ಗೋಣಿ ಹೋದರೂ ಅದರ ನೇಯ್ಗೆಯ ಗುರುತು ಕಲ್ಲಿನ ಮೇಲೆ ಅಚ್ಚಾಗಿ ಉಳಿದಿತ್ತು. ಮೇಲೆ ಕೆಮ್ಮಣ್ಣು, ಸಗಣಿ ಕಲಸಿ ಸಾರಿಸಿದರು. ಇದನ್ನು ನೋಡಲು ಬಂದ ತಾಯಂದಿರು ಮಾತಾಡದೆ ತಿರುಗಿ ಹೋದರು. ನಾನು ಮುನಿಸಿಕೊಂಡರೆಂದುಕೊಂಡೆ. ಸಂಜೆಗೆ ಬುಟ್ಟಿಗಳಲ್ಲಿ ಸವುಳು ಹೊತ್ತುಕೊಂಡು ಬಂದರು. ಏಣಿ ಹಚ್ಚಿ ಸರ್ಕಾರದ ಮಾಳಿಗೆ ಹತ್ತಿದರು. ಗಿಡದ ಬುಡಕ್ಕೆ ಕೂತು ಏನು ಕಲಿಯುತ್ತಾರೆ ಎಂದು ಕೇಳಿದ್ದವಳೇ ಮೇಲೆ ನಿಂತು ಮಣ್ಣು ತುಳಿಯುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು, ಮಣ್ಣಿನ ದೂಳು ಎಂದು ಸೆರಗಿನಿಂದ ಒರೆಸಿಕೊಂಡೆ.

ಎತ್ತರದವರು ಮೇಲೆ, ಗಿಡ್ಡನೆಯವರು ಕೆಳಗೆ ಎಂದು ಕೂರಿಸಿದೆ. ಊರ ಹೊರಗಿನ ಕೇರಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಎತ್ತರವಿದ್ದಳು, ಅವಳು ತುತ್ತತುದಿಗೆ ಹೋದಳು. ಗುತ್ತೇದಾರನ ಮಗಳು ತಾಯಿಯ ತವರಿನಲ್ಲಿ, ಅಂದರೆ ಗೌಡರ ಮನೆಯಲ್ಲಿ, ಇದ್ದು ಓದುತ್ತಿದ್ದಳು. ಅವಳು ಎಲ್ಲರಿಗಿಂತ ಕುಳ್ಳಿ, ಕೆಳಗಿನ ಚೀಲವೇ ಅವಳ ಪಾಲಿಗೆ ಬಂತು. ಗುಸುಗುಸು ಎದ್ದಿತು. ಗೌಡರು ಮತ್ತೆ ಹೊಸ್ತಿಲಿಗೆ ಬಂದರು.

"ಅಕ್ಕೋರ, ಅವು ನಮ್ಮ ಅಳಿಯನ ಚೀಲ. ಯಾರನ್ನ ಕೇಳಿ ಕುಂಡ್ರಿಸೀರಿ? ಅದೂ ಯಾರ್ಯಾರನ್ನ ಎಲ್ಲೆಲ್ಲಿ ಕುಂಡ್ರಿಸೀರಿ?"

"ನಿಮ್ಮವಾದ್ರ ಒಯ್ರಿ ಗೌಡ್ರ. ಬಾಗಲ ತೆರದೈತಿ" ಎಂದೆ. "ಒಯ್ಯೂತನಕ ಉದ್ದಂದಾಕಿ ಮ್ಯಾಲೆ, ಗಿಡ್ಡಂದಾಕಿ ಕೆಳಗ."

ಅವರಿಗೆ ಒಯ್ಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಮೊಮ್ಮಗಳನ್ನು ಬಿಡಿಸಿಬಿಡುತ್ತಾರೆಂದು ಹೆದರಿದ್ದೆ. ಬಿಡಿಸಲು ನೋಡಿದರಂತೆ, ಅವಳು ಊಟ ಬಿಟ್ಟು ಕೂತಳಂತೆ. ಮೂರನೆಯ ಹೊತ್ತಿಗೆ ಅಜ್ಜಿಯೇ ಸೋತು ಕಳಿಸಿದಳು.

ದೀಪಾವಳಿ ಹತ್ತಿರವಾದಾಗ ಇನ್‌ಸ್ಪೆಕ್ಟರ್ ಸಾಹೇಬರು ಮಾತಿನಂತೆ ಬಂದರು. ಚಾವಡಿಯಲ್ಲಿ ಹಾರ, ಚಹಾ ಎಲ್ಲ ಸಿದ್ಧವಾಗಿತ್ತು. ಈ ಸಲ ಅವರ ಕಾಗದದಲ್ಲಿ ಹೊಸ ಸಾಧನೆ ಇದೆಯೆಂದು ಗಂಡುಹುಡುಗರ ಶಾಲೆಯ ಮಾಸ್ತರರು ಮೊದಲೇ ನನಗೆ ತಿಳಿಸಿದ್ದರು. ಸಮಿತಿಯ ಅಧ್ಯಕ್ಷರ ಮುತುವರ್ಜಿಯಿಂದ ಕನ್ಯಾಶಾಲೆಗೆ ಕಾಯಂ ಆಸನಗಳ ವ್ಯವಸ್ಥೆಯಾಗಿದೆ ಎಂದು ಗೌಡರೇ ಬರೆಸಿದ್ದರಂತೆ. ಕೇಳಿ ನನಗೆ ಕಾಲಿನಿಂದ ತಲೆಯವರೆಗೆ ಉರಿ ಹತ್ತಿತು. ಚಾವಡಿಗೆ ನಾನು ಹೋಗಲೇ ಇಲ್ಲ. ಶಾಲೆ ನಡೆಯುವ ಹೊತ್ತು, ನೋಡಬೇಕಾದವರು ಇಲ್ಲಿಗೆ ಬರಲಿ ಎಂದು ಹೇಳಿ ಕಳಿಸಿದೆ.

ಬಂದರು. ಮುಂದೆ ಗೌಡರು, ಹಿಂದೆ ಸಾಹೇಬರು, ಅವರ ಹಿಂದೆ ಸಮಿತಿಯವರು. ಒಳಗೆ ಹೆಜ್ಜೆಯಿಡಲು ಜಾಗವಿರಲಿಲ್ಲ, ಅಷ್ಟು ಹುಡುಗಿಯರು ತುಂಬಿದ್ದರು. ಹಿರಿಯರು ಬಂದಾಗ ಎದ್ದು ಜಾಗ ಬಿಡಬೇಕು, ಅದು ನಮ್ಮ ಕಡೆ ಕಲಿಸದೆಯೂ ಬರುವ ವಿದ್ಯೆ. ಹುಡುಗಿಯರ ಮೈಯಲ್ಲಿ ಅದು ಅಲುಗಿದ್ದು ಕಂಡಿತು. ಗೌಡರು ಧೋತರದ ಚುಂಗು ಎತ್ತಿಕೊಂಡು, ಯಾರು ಯಾವ ಚೀಲ ಬಿಡುತ್ತಾರೆಂದು ಕಾಯುತ್ತ ನಿಂತರು.

"ಏಳಬ್ಯಾಡ್ರಿ" ಎಂದೆ. "ಬಿಟ್ಟುಕೊಟ್ಟಿದ್ದು ಸಾಕು. ಕುಂಡ್ರಿ."

ಯಾರೂ ಏಳಲಿಲ್ಲ. ತುದಿಯಲ್ಲಿದ್ದ ಎತ್ತರದ ಹುಡುಗಿ ನೆಟ್ಟಗೆ ಕೂತಳು. ಕೆಳಗಿನ ಕುಳ್ಳಿ ಅಜ್ಜನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಲಂಗವನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಇನ್ನೂ ಗಟ್ಟಿಯಾಗಿ ಕೂತಳು.

ಸಾಹೇಬರು ನಿಂತೇ ಸಾಧನೆಗಳನ್ನು ಓದಿದರು. ಗೌಡರೂ ನಿಂತೇ ಕೇಳಿದರು. ಕಾಯಂ ಆಸನಗಳ ಸಾಲು ಬಂದಾಗ ಸಾಹೇಬರು ಒಮ್ಮೆ ಆ ಚೀಲಗಳ ಕಡೆ ನೋಡಿ, ಆ ಸಾಲನ್ನು ನುಂಗಿಕೊಂಡು ಮುಂದೆ ಹೋದರು. ಕೊನೆಗೆ ಕನ್ಯಾಶಾಲೆ ಇದ್ದಲ್ಲೇ ಮುಂದುವರಿಯಲಿ ಎಂದರು. ಚಪ್ಪಾಳೆ ಯಾರೂ ತಟ್ಟಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ನನ್ನ ಬಾಯಿಯ ಬೆಲೆಯನ್ನು ನಾನು ತೆತ್ತೆ. ಪರೀಕ್ಷೆ ಮುಗಿಯುವ ಮೊದಲೇ ಗುರುಗುಂಟಾದ ಕಡೆಗೆ ವರ್ಗವಾಯಿತು. ಹೊಸ ಅಕ್ಕೋರು ಬರುವತನಕ ಶಾಲೆ ಬಂದ್, ಹುಡುಗಿಯರನ್ನು ಹೊಲಕ್ಕೆ ಕರೆದುಕೊಂಡು ಹೋಗಿರೆಂದು ಗೌಡರು ಚಾವಡಿಯ ಕಟ್ಟೆಯ ಮೇಲಿನಿಂದ ಸಾರಿದರೆಂದು ಕೇಳಿದೆ. ಗುರುಗುಂಟಾದಲ್ಲಿ ನನಗೆ ಅನ್ನ ಸೇರಲಿಲ್ಲ. ಇಷ್ಟು ಮಾಡಿಯೂ ಎಲ್ಲ ನೀರುಪಾಲಾಯಿತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೆಲವು ತಿಂಗಳ ಮೇಲೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು, ಯಾರೋ ನನ್ನನ್ನು ತೋರಿಸಿಕೊಟ್ಟರೆಂದು, ಹತ್ತಿರ ಬಂದು ಮಾತಾಡಿಸಿದಳು. ಆ ಊರಿಗೆ ಬಂದ ಹೊಸ ಅಕ್ಕೋರು ತಾನೇ ಎಂದಳು. ನಾನು ಮೊದಲು ಕೇಳಿದ್ದು ಒಂದೇ, ಶಾಲೆ ಇದೆಯೋ ಇಲ್ಲವೋ.

"ಅಯ್ಯ, ನಾ ಹೋಗೂದ್ರಾಗ ಶಾಲಿ ನಡದೇ ಇತ್ರಿ" ಎಂದಳು ಆಕೆ. "ದಿನಾ ಮುಂಜಾನೆ ಹುಡುಗ್ಯಾರು ತಾವ ಬಂದು ಕುಂಡ್ರತಿದ್ರಂತ. ಆ ಎತ್ತರದ ಹುಡುಗಿ ಪಾಠ ಹೇಳಾಕತ್ತಿದ್ಲು. ನಾ ಒಳಗ ಕಾಲಿಟ್ಟೆ, ಒಬ್ಬಾಕಿನೂ ಏಳಲಿಲ್ರಿ! ಕೆಳಗಿನ ಚೀಲದ ಮ್ಯಾಲೆ ಕುಂತ ಒಂದು ಗಿಡ್ಡ ಹುಡುಗಿ, ಗೌಡರ ಮೊಮ್ಮಗಳಂತ, ನನ್ನ ಮ್ಯಾಲಿಂದ ಕೆಳಗ ನೋಡಿ ಏನ್ ಕೇಳಿದ್ಲು ಗೊತ್ತೇನ್ರಿ? ನೀವು ಕಲಸಾಕ ಬಂದೀರೋ, ಇಲ್ಲಾ ನಮ್ಮಪ್ಪನ ಚೀಲ ಒಯ್ಯಾಕ ಬಂದೀರೋ ಅಂತ!"