ಓಟದ ರುದ್ರಾಣಿಯ ಫೋನ್ ನಂಬರು

ಹನುಮಂತನಗರದ ಜನಕ್ಕೆ ರುದ್ರಾಣಿ ಅಂದರೆ ಬಲು ಹೆಮ್ಮೆ. ಆ ಹೆಮ್ಮೆಗಾಗಿ ಅವರು ಕಳೆದುಕೊಂಡದ್ದೇನೂ ಇಲ್ಲ. ಅವಳು ಬರಿಗಾಲಲ್ಲಿ ಓಡುತ್ತಿದ್ದಾಗ ಒಂದು ಜೊತೆ ಸ್ಪೈಕ್ಸ್ ಕೊಡಿಸೋಣ ಅಂತ ಯಾರಿಗೂ ಅನ್ನಿಸಲಿಲ್ಲ. 'ವಯಸ್ಸಿಗೆ ಬಂದ ಹುಡುಗಿ ಚಡ್ಡಿ ಹಾಕ್ಕೊಂಡು ಓಡ್ತಾಳಲ್ಲ ಕಾವೇರಮ್ಮ' ಎಂದು ಅವಳ ತಾಯಿಯ ಹತ್ತಿರ ಬಂದು ಹೇಳಿಹೋದವರು ಮಾತ್ರ ಬೇಕಾದಷ್ಟಿದ್ದರು. ಆಮೇಲೆ ೧೯೯೩ರಲ್ಲಿ, ಹದಿನೆಂಟನೇ ವಯಸ್ಸಿಗೆ, ರಾಜ್ಯ ಜೂನಿಯರ್ ಕೂಟದಲ್ಲಿ ನೂರು ಮೀಟರನ್ನು ಹನ್ನೆರಡು ಪಾಯಿಂಟ್ ಒಂದು ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದಳು ನೋಡಿ, ಅದೇ ಜನ ತೆರೆದ ಜೀಪು ತಂದರು, ಹಾರ ಹಾಕಿದರು, ವಾದ್ಯ ಊದಿಸಿದರು. ಜೀಪಿನಲ್ಲಿ ಅವಳ ಪಕ್ಕದಲ್ಲಿ ನಿಂತು ಕೈ ಬೀಸಿದವರಲ್ಲಿ ಅವಳು ಓಡಿದ್ದನ್ನು ಕಣ್ಣಾರೆ ಕಂಡವನು ಒಬ್ಬನೂ ಇರಲಿಲ್ಲ.

ಇಪ್ಪತ್ಮೂರಕ್ಕೆ ಮಂಡಿ ಕೈಕೊಟ್ಟಿತು, ಓಟ ನಿಂತಿತು. ಕ್ರೀಡಾ ಕೋಟಾದಲ್ಲಿ ಸಿಕ್ಕಿದ ಗುಮಾಸ್ತೆ ಕೆಲಸ ಇತ್ತು, ಹಾಗಾಗಿ ಊಟಕ್ಕೆ ತೊಂದರೆಯಾಗಲಿಲ್ಲ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಅವಳ ವಿಷಯ. ಆದರೆ ಬಡಾವಣೆಯ ಪ್ರತಿಯೊಬ್ಬರೂ ಅದನ್ನು ತಮ್ಮ ಮನೆಯ ವಿಷಯ ಎಂದುಕೊಂಡಿದ್ದರು. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ, ಆಫೀಸಿಗೆ ಹೋಗುವ ಮುಂಚೆ, ಬೆಳಿಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಓಟ ಕಲಿಸಲು ನಿಂತಳು. ೨೦೦೬ರ ಹೊತ್ತಿಗೆ ಅವಳ ಹತ್ತಿರ ಐದು ಜನ ಹುಡುಗಿಯರಿದ್ದರು. ಅವರಲ್ಲಿ ಗವಿಪುರದ ತನ್ಮಯಿ ಎಂಬವಳು, ಹದಿನೈದು ವರ್ಷದವಳು, ಹನ್ನೆರಡು ಪಾಯಿಂಟ್ ನಾಲ್ಕಕ್ಕೆ ಬಂದುಬಿಟ್ಟಿದ್ದಳು. ಓಟ ಶುರುವಾಗುವಾಗ ಆ ಹುಡುಗಿ ಸ್ಟಾರ್ಟಿಂಗ್ ಬ್ಲಾಕಿನಿಂದ ಚಿಮ್ಮಿ ಏಳುವುದನ್ನು ನೋಡಿದಾಗಲೆಲ್ಲ ರುದ್ರಾಣಿಗೆ ತನ್ನ ಮಂಡಿಯ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು. ಡಿಸೆಂಬರಿನಲ್ಲಿ ರಾಜ್ಯ ಕೂಟ. ಅರ್ಜಿಗೆ ಹುಡುಗಿಯ ಅಪ್ಪ ಇಲ್ಲವೇ ಅಮ್ಮ ಸಹಿ ಹಾಕಬೇಕು. ಅರ್ಜಿ ಕೊಡಲು ಕೊನೆಯ ದಿನ ನವೆಂಬರ್ ಕೊನೆಯ ವಾರದ ಸೋಮವಾರ.

ಆ ಸೋಮವಾರಕ್ಕೆ ಸುಮಾರು ಎರಡು ವಾರ ಮುಂಚೆ ಫೋನುಗಳು ಶುರುವಾದವು.

ಮೊದಲನೆಯದು ಆಫೀಸಿನಲ್ಲಿದ್ದಾಗ ಬಂತು. 'ಹಲೋ ರುದ್ರಾಣಿ, ಫ್ರೆಂಡ್‌ಶಿಪ್ ಮಾಡ್ತೀರಾ?' ರಾಂಗ್ ನಂಬರ್ ಎಂದು ಇಟ್ಟಳು. ಸಂಜೆಯೊಳಗೆ ಇನ್ನೂ ಹನ್ನೊಂದು. ಮಾರನೇ ದಿನ ಲೆಕ್ಕ ತಪ್ಪಿತು. ಒಬ್ಬ ಕಾಫಿಗೆ ಕರೆದ, ಒಬ್ಬ ಸಿನಿಮಾಕ್ಕೆ ಕರೆದ, ಒಬ್ಬ ಸುತ್ತುಬಳಸದೆ ನೇರವಾಗಿ ಹೊಲಸು ಮಾತಾಡಿದ. ಮೊಬೈಲಿನಲ್ಲಿ ಗೆಳೆತನ ಕೂಡಿಸುವ ಒಂದು ಡೇಟಿಂಗ್ ಸರ್ವೀಸಿನಲ್ಲಿ ಅವಳ ಹೆಸರು, ವಯಸ್ಸು, ನಂಬರು ಎಲ್ಲ ಇದೆಯಂತೆ. ಹಾಗೆ ಹೇಳಿದವನು ಅವಳು ಬೈದ ಬೈಗುಳಕ್ಕೆ ಹೆದರಿ ಫೋನಿಟ್ಟ ಒಬ್ಬ ಕಾಲೇಜು ಹುಡುಗ. ಆ ಸರ್ವೀಸಿಗೆ ಫೋನ್ ಮಾಡಿದರೆ ಅಲ್ಲಿದ್ದ ಹುಡುಗಿ ಗಿಳಿಪಾಠ ಒಪ್ಪಿಸಿದಳು: 'ಮೇಡಂ, ಯಾವ ನಂಬರಿಂದ ರಿಜಿಸ್ಟರ್ ಆಗಿದೆಯೋ ಆ ನಂಬರಿಂದಲೇ ಸ್ಟಾಪ್ ಅಂತ ಮೆಸೇಜ್ ಕಳಿಸ್ಬೇಕು.' ಯಾವ ನಂಬರಿನಿಂದ ಆಗಿದೆ ಎಂದು ಕೇಳಿದರೆ ಅದನ್ನು ಹೇಳುವ ಹಾಗಿಲ್ಲವಂತೆ! ಅವಳ ನಂಬರನ್ನು ಊರಿಗೆಲ್ಲ ಹಂಚಬಹುದು, ಹಂಚಿದವನ ನಂಬರು ಮಾತ್ರ ಪರಮ ಗುಟ್ಟು. ನಂಬರು ಬದಲಾಯಿಸೋಣ ಎಂದರೆ ಅದೂ ಆಗದ ಮಾತು. ಕೂಟದ ಅಧಿಕಾರಿಗಳ ಹತ್ತಿರವೂ, ಐದೂ ಹುಡುಗಿಯರಿಗೆ ತುಂಬಿಟ್ಟ ಅರ್ಜಿಗಳ ಮೇಲೂ, ಇದ್ದದ್ದು ಅದೊಂದೇ ನಂಬರು.

ಬಡಾವಣೆಗೆ ವಿಷಯ ಮುಟ್ಟಿಸಿದವನು ಅನಿಲ್ ಕುಮಾರ್. ಸರ್ಕಲ್ ಹತ್ತಿರ ಬೇಕರಿ ಇಟ್ಟಿದ್ದ ಅವನು ತನ್ನ ಮೊಬೈಲನ್ನು ನಾಲ್ಕು ಜನಕ್ಕೆ ತೋರಿಸಿ, 'ನೋಡಿ ಗುರು, ನಮ್ಮ ಚಾಂಪಿಯನ್ನು ಡೇಟಿಂಗಿಗೆ ಇಳಿದವ್ರೆ' ಎಂದ. ಹೆಸರು ಮತ್ತು ನಂಬರು ನೋಡಿದವರಿಗೆ ಅದರ ಕೆಳಗಿದ್ದದ್ದನ್ನು ಓದುವ ತಾಳ್ಮೆಯಿರಲಿಲ್ಲ. ಎರಡು ಮಕ್ಕಳ ತಂದೆಯಾದ ಅನಿಲ್ ಕುಮಾರ್ ಆ ಸರ್ವೀಸಿನಲ್ಲಿ ಏನು ಹುಡುಕುತ್ತಿದ್ದ ಎಂದು ಒಬ್ಬರೂ ಕೇಳಲಿಲ್ಲ. ಮೂರನೇ ದಿನ ಮೈದಾನಕ್ಕೆ ಮೂವರು ಹುಡುಗಿಯರು ಬಂದರು. ಐದನೇ ದಿನ ತನ್ಮಯಿ ಒಬ್ಬಳೇ ಬಂದಳು. ಆರನೇ ದಿನ ರುದ್ರಾಣಿ ಮೈದಾನದಲ್ಲಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡು ಏಳು ಗಂಟೆಯವರೆಗೆ ಒಬ್ಬಳೇ ನಿಂತಿದ್ದಳು.

ತನ್ಮಯಿಯ ಅಪ್ಪ ಬದರೀನಾರಾಯಣ ಬ್ಯಾಂಕಿನಲ್ಲಿ ಅಧಿಕಾರಿ. ಅರ್ಜಿ ಹಿಡಿದು ಹೋದವಳನ್ನು ಅವರು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡು ಮಾತಾಡಿದರು. 'ಈ ವರ್ಷ ಬೇಡ ಮೇಡಂ. ಓದು ಜಾಸ್ತಿ ಇದೆ. ನಿಮ್ಮ ಮೇಲೆ ನಮಗೇನೂ ಇಲ್ಲ.' ಏನೂ ಇಲ್ಲದವರು ಗೇಟು ತೆಗೆಯಬಹುದಿತ್ತು.

ಸುಳಿವು ಸಿಕ್ಕಿದ್ದು ಹದಿಮೂರನೇ ದಿನ, ಭಾನುವಾರ ಬೆಳಿಗ್ಗೆ. ಫೋನ್ ಮಾಡಿದವನು ಕಿಸಕ್ಕನೆ ನಕ್ಕು, 'ಭಾರದ್ವಾಜ ಗೋತ್ರ, ರೋಹಿಣಿ ನಕ್ಷತ್ರ, ನೂರು ಮೀಟರ್ ಹನ್ನೊಂದೂವರೆ ಸೆಕೆಂಡ್ ಅಂತೆ. ನಮ್ಮ ಹತ್ರಾನೂ ಅಷ್ಟು ಬೇಗ ಓಡಿ ಬರ್ತೀರಾ?' ಎಂದ.

ರುದ್ರಾಣಿಗೆ ಬೈಯುವುದೂ ಮರೆತುಹೋಯಿತು. ಹನ್ನೊಂದೂವರೆ! ಈ ಜಗತ್ತಿನಲ್ಲಿ ಅವಳ ಟೈಮಿಂಗನ್ನು ಹನ್ನೊಂದೂವರೆಗೆ ಇಳಿಸಿದವರು ಒಬ್ಬರೇ. ಬಡಾವಣೆಯ ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ನರಸಿಂಹಯ್ಯ. ಪ್ರತಿವರ್ಷ ರಾಜ್ಯೋತ್ಸವದ ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸುವಾಗ ಅವರು ಟೈಮಿಂಗ್ ಹೇಳುತ್ತಿದ್ದರು. ಮೊದಲು ಹನ್ನೆರಡು ಪಾಯಿಂಟ್ ಒಂದು, ಆಮೇಲೆ ಬರೀ ಹನ್ನೆರಡು, ಆಮೇಲೆ ಹನ್ನೊಂದು ಪಾಯಿಂಟ್ ಎಂಟು, ಈ ವರ್ಷ ಹನ್ನೊಂದೂವರೆ. ಅವಳು ಓಟ ಬಿಟ್ಟು ಎಂಟು ವರ್ಷವಾಗಿದ್ದರೂ ಅಧ್ಯಕ್ಷರ ಬಾಯಲ್ಲಿ ಅವಳ ವೇಗ ಹೆಚ್ಚುತ್ತಲೇ ಹೋಗಿತ್ತು. ಜಾತಕ ಕೂಡಿಸುವುದು ಅವರ ಇನ್ನೊಂದು ಹವ್ಯಾಸ. ಬಡಾವಣೆಯಲ್ಲಿ ಮದುವೆಯಾಗದೆ ಉಳಿದ ಹೆಣ್ಣುಮಕ್ಕಳ ಜಾತಕಗಳೆಲ್ಲ ಅವರ ಕಪಾಟಿನಲ್ಲಿದ್ದವು. ದಸರಾ ಮುಗಿದ ಮೇಲೆ ಕಾವೇರಮ್ಮನಿಂದ ರುದ್ರಾಣಿಯದನ್ನೂ ಇಸಿದುಕೊಂಡು ಹೋಗಿದ್ದರು.

ಹತ್ತು ಗಂಟೆಗೆ ಅವಳು ಅವರ ಮನೆಯ ಜಗಲಿಯಲ್ಲಿ ನಿಂತಿದ್ದಳು. 'ಮೇಷ್ಟ್ರೇ, ನಿಮ್ಮ ಮೊಬೈಲ್ ಕೊಡಿ.'

ನರಸಿಂಹಯ್ಯನವರ ಕೈ ತಾನಾಗಿ ಅಂಗಿಯ ಜೇಬನ್ನು ಮುಚ್ಚಿಕೊಂಡಿತು. ಅಲ್ಲಿಗೆ ಅವಳಿಗೆ ಉತ್ತರ ಸಿಕ್ಕಿತು.

'ನಿನ್ನ ಒಳ್ಳೇದಕ್ಕೇ ಮಾಡಿದ್ದಮ್ಮ,' ಎಂದರು ಅವರು. 'ಸಂಗಾತಿ ಹುಡುಕ್ತೀರಾ ಅಂತ ಮೆಸೇಜ್ ಬಂತು. ಕಾಲ ಬದಲಾಗಿದೆ, ವಧೂವರರ ಕೇಂದ್ರ ಈಗ ಮೊಬೈಲಲ್ಲೇ ಬಂದಿದೆ ಅಂದ್ಕೊಂಡೆ. ಗೋತ್ರ, ನಕ್ಷತ್ರ, ನಿನ್ನ ಸಾಧನೆ ಎಲ್ಲ ಬರೆದು ಕಳಿಸ್ದೆ. ಸಂಬಂಧ ಬಂದ್ರೆ ನೇರವಾಗಿ ನಿನ್ನ ಜೊತೆ ಮಾತಾಡ್ಲಿ ಅಂತ ನಿನ್ನ ನಂಬರ್ ಹಾಕ್ದೆ.'

'ಅದು ಎಂಥದ್ದು ಅಂತ ನಿಮಗೆ ಯಾವಾಗ ಗೊತ್ತಾಯ್ತು?'

ಅವರು ಜೇಬಿನ ಮೇಲಿನ ಕೈ ತೆಗೆಯದೆ ಬೀದಿಯ ಕಡೆ ನೋಡಿದರು.

'ಯಾವಾಗ ಗೊತ್ತಾಯ್ತು ಮೇಷ್ಟ್ರೇ?'

'ಅನಿಲ್ ಬೇಕರೀಲಿ ತೋರಿಸಿದ ದಿನಾನೇ. ಸುಮ್ಮನಿದ್ರೆ ತಣ್ಣಗಾಗುತ್ತೆ ಅಂದ್ಕೊಂಡೆ. ಈ ವಯಸ್ಸಲ್ಲಿ ನನ್ನ ಮಾನ...'

ರುದ್ರಾಣಿಯ ಪಿತ್ತ ನೆತ್ತಿಗೇರಿತು. ಹಿಂದಿನ ವಾರವಷ್ಟೇ ಸಂಘದ ಸಭೆಯಲ್ಲಿ ಇದೇ ಮನುಷ್ಯ 'ಕಾಲ ಕೆಟ್ಟುಹೋಯ್ತು' ಎಂದು ತಲೆ ಅಲ್ಲಾಡಿಸಿದ್ದನ್ನು ಪಕ್ಕದ ಮನೆಯ ಜಾನಕಮ್ಮ ಬಂದು ವರದಿ ಮಾಡಿದ್ದರು. ತಿಳಿಯದೆ ಮಾಡಿದ ಮೂರ್ಖತನವನ್ನು ಅವಳು ಕ್ಷಮಿಸಿಬಿಡುತ್ತಿದ್ದಳೇನೋ. ತಿಳಿದ ಮೇಲೂ ಬಾಯಿ ಮುಚ್ಚಿಕೊಂಡು, ಮೈದಾನ ಖಾಲಿಯಾಗುವುದನ್ನು ನೋಡುತ್ತ ಕೂತರಲ್ಲ, ಅದಕ್ಕೆ ಏನನ್ನೋಣ? ಇವರ ಮಾನ ಉಳಿಸಲು ಅವಳ ಮಾನ ಹೋಗಬೇಕಿತ್ತು. ಅವಳು ಅಲ್ಲಿಯೇ ಅವರ ಕೈಯಿಂದ ಸ್ಟಾಪ್ ಮೆಸೇಜ್ ಹಾಕಿಸಿದಳು. ಮೂರು ದಿನದಲ್ಲಿ ನಿಲ್ಲುತ್ತದೆ ಎಂದು ಉತ್ತರ ಬಂತು.

'ಅಂಗಿ ಗುಂಡಿ ಹಾಕ್ಕೊಳ್ಳಿ. ಬದರೀನಾರಾಯಣ ಅವರ ಮನೆಗೆ ಹೋಗೋಣ. ನನಗೆ ಹೇಳಿದ್ದನ್ನ ಅವರಿಗೆ ಹೇಳಿ. ನಾಳೆ ಅರ್ಜಿ ಕೊಡ್ಬೇಕು.'

ಅಧ್ಯಕ್ಷರು ಜೊತೆಯಲ್ಲಿದ್ದರಲ್ಲ, ಈ ಸಲ ಗೇಟು ತೆರೆಯಿತು. ಹಜಾರದಲ್ಲಿ ಕೂರಿಸಿ, ಬದರೀನಾರಾಯಣ ಅವರ ಹೆಂಡತಿ ಆರಾಧನಾ ಕಾಫಿ ತಂದಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ತನ್ಮಯಿ ಇಣುಕಿದಳು. 'ಒಳಗೆ ಹೋಗೆ' ಎಂದರು ಅಪ್ಪ.

ನರಸಿಂಹಯ್ಯ ಕಾಫಿ ಕುಡಿದರು, ಗಂಟಲು ಸರಿಮಾಡಿಕೊಂಡರು. 'ಏನೋ ಒಂದು ತಪ್ಪು ನಡೆದುಹೋಗಿದೆ ಬದರಿಯವರೇ. ಪಾಪ, ಹುಡುಗಿಗೂ ತಿಳೀಲಿಲ್ಲ. ದೊಡ್ಡ ಮನಸ್ಸು ಮಾಡಿ ನಾವೇ ಹೊಟ್ಟೆಗೆ ಹಾಕ್ಕೊಳ್ಳೋಣ.'

ನೋಡಿ, ಎಷ್ಟು ನಾಜೂಕು! ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಿಜ ಹೇಳಿಸಿದ ಮೇಷ್ಟರು. ತಪ್ಪು ಅವಳದ್ದು, ಕ್ಷಮೆ ಅವರದ್ದು! ರುದ್ರಾಣಿ ಎದ್ದು ಅವರ ಜೇಬಿನಿಂದಲೇ ಮೊಬೈಲು ತೆಗೆದಳು. ಕಳಿಸಿದ ಮೆಸೇಜನ್ನು ಹುಡುಕಿ ಗಟ್ಟಿಯಾಗಿ ಓದಿದಳು.

'ಕನ್ಯೆ ರುದ್ರಾಣಿ. ವಯಸ್ಸು ಮೂವತ್ತೊಂದು. ಭಾರದ್ವಾಜ ಗೋತ್ರ, ರೋಹಿಣಿ ನಕ್ಷತ್ರ. ಸರ್ಕಾರಿ ಕೆಲಸ. ನೂರು ಮೀಟರ್ ಹನ್ನೊಂದೂವರೆ ಸೆಕೆಂಡ್. ಕುಜದೋಷವಿಲ್ಲ. ಯೋಗ್ಯ ವರನ ಕಡೆಯವರು ಸಂಪರ್ಕಿಸಿ.' ಮೊಬೈಲನ್ನು ಮೇಜಿನ ಮೇಲೆ ಇಟ್ಟಳು. 'ಇವರ ಫೋನು, ಇವರ ಮೆಸೇಜು. ನನ್ನನ್ನ ಒಂದು ಮಾತು ಕೇಳಿಲ್ಲ. ಟೈಮಿಂಗೂ ಸುಳ್ಳು, ನಾನು ಓಡಿದ್ದು ಹನ್ನೆರಡು ಪಾಯಿಂಟ್ ಒಂದು.'

ಬದರೀನಾರಾಯಣ ಕನ್ನಡಕ ತೆಗೆದು ಒರೆಸಿದರು. ನಗು ಬಂತೋ ಏನೋ, ತುಟಿ ಬಿಗಿಹಿಡಿದರು. 'ಓ, ಹೀಗಾ ವಿಷಯ. ಹಾಗಾದ್ರೆ ನಿಮ್ಮದೇನೂ ತಪ್ಪಿಲ್ಲ ಮೇಡಂ. ಮೇಷ್ಟ್ರದ್ದೂ ತಪ್ಪಲ್ಲ ಅನ್ನಿ, ಒಳ್ಳೇದಕ್ಕೇ ಮಾಡಿದ್ದು. ಆಗಿದ್ದು ಆಯ್ತು, ಬಿಟ್ಬಿಡೋಣ.'

'ಎರಡು ವಾರ ತಪ್ಪು ನನ್ನದು ಅಂತಿತ್ತಲ್ಲ ಸಾರ್, ಆಗ ಯಾರೂ ಬಿಟ್ಬಿಡೋಣ ಅನ್ಲಿಲ್ಲ. ಹುಡುಗೀನೇ ಬಿಡಿಸಿದ್ರಿ. ಸಹಿ ಹಾಕಿ.'

'ಸಹಿ ವಿಷಯ ಬೇರೆ. ಜನರ ಬಾಯಿ ಇದೆಯಲ್ಲ. ಮುಂದಿನ ವರ್ಷ ನೋಡೋಣ.'

ಮುಂದಿನ ವರ್ಷ! ಹದಿನೈದರಲ್ಲಿ ಹನ್ನೆರಡು ಪಾಯಿಂಟ್ ನಾಲ್ಕು ಓಡುವ ಕಾಲು ಮುಂದಿನ ವರ್ಷ ಹೇಗಿರುತ್ತದೆ ಎಂದು ಬ್ಯಾಂಕಿನ ಅಧಿಕಾರಿಗೇನು ಗೊತ್ತು? ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳದೇ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ರುದ್ರಾಣಿ ಸ್ಪೀಕರ್ ಒತ್ತಿ ಫೋನನ್ನು ನರಸಿಂಹಯ್ಯನವರ ಮುಂದೆ ಹಿಡಿದಳು. 'ಮಾತಾಡಿ. ವರನ ಕಡೆಯವರು.'

'ಹಲೋ,' ಎಂದರು ಅವರು, ಹೆದರುತ್ತ.

'ರುದ್ರಾಣಿ ನಂಬರ್ ಅಲ್ವಾ ಇದು? ನೀನ್ಯಾರಪ್ಪ, ಅವಳ ಏಜೆಂಟಾ? ಹೇಳು, ಗಂಟೆಗೆ ಎಷ್ಟು?'

ನರಸಿಂಹಯ್ಯನವರ ಮುಖ ಕಪ್ಪಿಟ್ಟಿತು. 'ಏ, ನಾನು... ನಾನು ಹೆಡ್‌ಮಾಸ್ಟರು ಕಣಯ್ಯಾ,' ಎಂದು ತೊದಲಿದರು. ಆ ಕಡೆಯವನು ಗಹಗಹಿಸಿ ನಕ್ಕ. 'ಹಾಗಾದ್ರೆ ಸ್ಟೂಡೆಂಟ್ ರೇಟ್ ಹೇಳಿ ಮೇಷ್ಟ್ರೇ.' ಅವರು ಫೋನಿನಿಂದ ಮುಖ ತಿರುಗಿಸಿದರು. ರುದ್ರಾಣಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 'ಪೂರ್ತಿ ಕೇಳಿ. ನಾನು ಹದಿಮೂರು ದಿನ ಕೇಳಿದೀನಿ.' ಅವನೇ ಬೇಸತ್ತು ಇಟ್ಟಮೇಲೆ ಅವಳು ಫೋನು ಮುಚ್ಚಿದಳು.

ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಆರಾಧನಾ ಮುಂದೆ ಬಂದರು. ಗಂಡನ ಜೇಬಿನಲ್ಲಿದ್ದ ಪೆನ್ನನ್ನು ಕಿತ್ತುಕೊಂಡಂತೆ ತೆಗೆದರು.

'ಅಪ್ಪ ಇಲ್ಲವೇ ಅಮ್ಮ ಅಂತಿದೆ ಅಲ್ವಾ ಇದರಲ್ಲಿ?'

'ಹೌದು ಮೇಡಂ.'

'ನೀನು ಸ್ವಲ್ಪ ಯೋಚನೆ ಮಾಡು,' ಎಂದರು ಬದರೀನಾರಾಯಣ.

'ನಾಳೆ ತನ್ಮಯಿ ಹೆಸರಲ್ಲಿ ಯಾರೋ ಹೀಗೆ ಕಳಿಸಿದ್ರೆ ಆಗಲೂ ಒಳ್ಳೇದಕ್ಕೇ ಮಾಡಿದ್ದು ಅಂತೀರಾ? ಆಗ ಯಾರನ್ನ ಬಿಡಿಸ್ತೀರಿ, ಅವಳನ್ನೇನಾ?' ಆರಾಧನಾ ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ಸಿಟ್ಟಿನಲ್ಲಿ ಒತ್ತಿ ಬರೆದದ್ದಕ್ಕೆ ಕಾಗದ ಒಂದು ಕಡೆ ತೂತಾಯಿತು. 'ಇದು ನಡೆಯುತ್ತಾ?'

'ನಡೆಯುತ್ತೆ,' ಎಂದಳು ರುದ್ರಾಣಿ. ಅಳು ಬರುವ ಹಾಗಾಯಿತು. ಈ ಮನೆಯಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿಕೊಂಡಳು. ಒಳಗಿನ ಕಡೆಗೆ ಕೂಗಿ ಹೇಳಿದಳು. 'ತನ್ಮಯಿ, ನಾಳೆ ಐದೂವರೆಗೆ. ಎಂಟು ದಿನ ಮೈ ಬಿಟ್ಟಿದೀಯ, ಚೆನ್ನಾಗಿ ಓಡಿಸ್ತೀನಿ ನಿನ್ನ.'

ಬಾಗಿಲಿನಾಚೆ ನರಸಿಂಹಯ್ಯ ಮೆಟ್ಟಿಲ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಹತ್ತು ನಿಮಿಷದಲ್ಲಿ ಮುದುಕರಾಗಿಬಿಟ್ಟಿದ್ದರು. ಬೇರೆ ದಿನವಾಗಿದ್ದರೆ ಅವಳಿಗೆ ಕನಿಕರ ಬರುತ್ತಿತ್ತು.

'ಕೆಲಸ ಆಯ್ತಲ್ಲಮ್ಮ,' ಎಂದರು ತಗ್ಗಿದ ದನಿಯಲ್ಲಿ. 'ಇದು ಇಲ್ಲಿಗೇ ಇರ್ಲಿ. ನಿನ್ನ ತಂದೆಯ ವಯಸ್ಸಿನವನು ಕೇಳ್ಕೊಳ್ತಿದೀನಿ, ನನ್ನ ಹೆಸರು ಆಚೆ ಬರೋದು ಬೇಡ.'

ರುದ್ರಾಣಿ ಅರ್ಜಿಯನ್ನು ಮಡಿಸಿ ಚೀಲದೊಳಗಿಟ್ಟಳು. ಅದರ ಕೆಳಗಿದ್ದ ಇನ್ನೂ ನಾಲ್ಕು ಅರ್ಜಿಗಳನ್ನು ಹೊರಗೆ ತೆಗೆದಳು.

'ಇನ್ನೂ ನಾಲ್ಕು ಮನೆ ಇದೆ ಮೇಷ್ಟ್ರೇ. ಚಪ್ಪಲಿ ಹಾಕ್ಕೊಳ್ಳಿ.'